ನಿವೃತ್ತರ ಚಿತ್ರಕ್ಕೆ ಭೇಷ್ ಸಾಲದು, ಪಾಠ ಬೇಕು

ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ನಾನು ಬಣ್ಣ ಹಿಡಿದು ಕೂತದ್ದನ್ನು ಕಂಡವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಒಳ್ಳೇದಾತು ಬಿಡ್ರಿ ಸರ, ಟೈಂಪಾಸ್ ಆಗ್ತತಿ.’ ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ನಾನು ಒಪ್ಪುವುದಿಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದಷ್ಟೇ ಶ್ರದ್ಧೆಯಿಂದ ಕಲಿಯಬೇಕೆಂದು ಜಲವರ್ಣಕ್ಕೆ ಕೈಹಾಕಿದವನು ನಾನು.

ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಆಕಾಶಕ್ಕೆ ಬಳಿದ ನೀಲಿ, ಕುಂಚ ಹಾಳೆಯ ಆಚೆ ಬದಿ ಮುಟ್ಟುವುದರೊಳಗೆ ಒಣಗಿ ಗೆರೆ ಕಟ್ಟುತ್ತದೆ. ಹಾಳೆಯನ್ನು ಎರಡೂ ಕಡೆ ನೆನೆಸಿ, ಹಲಗೆಯನ್ನು ತುಸು ಓರೆ ಮಾಡಿ, ಬಣ್ಣದ ನೀರು ಅಂಚಿನಲ್ಲಿ ನಿಂತಿರುವಾಗಲೇ ಅದಕ್ಕೆ ತಾಗಿಸಿ ಮುಂದಿನ ಸಾಲು ಬಳಿಯಬೇಕು. ಹರಿಹರದ ಹರಿಹರೇಶ್ವರ ಗುಡಿಗೆ ಹೋದರೆ ಇನ್ನೊಂದು ಪಾಠ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯದು. ಅಲ್ಲಿನ ಕಂಬಗಳ ನೆರಳಿಗೆ ಟ್ಯೂಬಿನ ಕಪ್ಪು ಹಚ್ಚಿದರೆ ಕಂಬವೇ ಸತ್ತುಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ಬೂದು ಮಾಡಿಕೊಳ್ಳಬೇಕು. ಮಂಡಕ್ಕಿ ಭಟ್ಟಿಗಳ ಹೊಗೆಯಂತೂ ಬೇರೆಯೇ ವಿದ್ಯೆ.

ಇಂಥದ್ದೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ತಿದ್ದಿದರೆ ಬೇಗ ಕೈಗೆ ಹತ್ತುತ್ತದೆ. ವಯಸ್ಸಾದವರನ್ನು ತಿದ್ದಲು ಮಾತ್ರ ಎಲ್ಲರಿಗೂ ಸಂಕೋಚ. ‘ಭೇಷ್’ ಎಂದು ಹೊರಟುಬಿಡುತ್ತಾರೆ.

ತಡವಾಗಿ ಚಿತ್ರಕ್ಕೆ ಮರಳಿದ ಕಲಾವಿದ ರುಮಾಲೆ ಚನ್ನಬಸವಯ್ಯನವರನ್ನು ನೋಡಿ. ಸ್ವಾತಂತ್ರ್ಯ ಹೋರಾಟ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತು ಎಲ್ಲ ಆದಮೇಲೆ, ಐವತ್ತರ ಆಸುಪಾಸಿನಲ್ಲಿ ಅವರು ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಂಡರು, ಬೆಂಗಳೂರಿನ ಹೂಮರಗಳನ್ನು ಅವರಂತೆ ಬರೆದವರು ಕಡಿಮೆ. ಆದರೆ ಎಳೆವಯಸ್ಸಿನಲ್ಲೇ ಅವರು ಗುರುಗಳ ಬಳಿ ಚಿತ್ರಕಲೆ ಕಲಿತಿದ್ದರು ಎಂಬುದನ್ನು ಮರೆಯಬಾರದು. ಆ ಅಡಿಪಾಯ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಹೊಟ್ಟೆಪಾಡು ಬಿಡಲಿಲ್ಲ.

ದಾವಣಗೆರೆಯಲ್ಲಿ 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯವಿದೆ, ಈಗ ದಾವಣಗೆರೆ ವಿಶ್ವವಿದ್ಯಾಲಯದ ಅಂಗ. ವಾರಕ್ಕೆರಡು ಸಂಜೆ ಅದರ ಬಾಗಿಲು ನಿವೃತ್ತರಿಗೂ ತೆರೆದಿರಲಿ. ಶುಲ್ಕ ಕೊಡುತ್ತೇವೆ, ಮೊಮ್ಮಕ್ಕಳ ವಯಸ್ಸಿನ ಹುಡುಗರ ಪಕ್ಕದಲ್ಲೇ ಕೂರುತ್ತೇವೆ, ಹೋಂವರ್ಕ್ ಮಾಡುತ್ತೇವೆ. ಗೆರೆ ತಪ್ಪಿದಾಗ ತಪ್ಪೆಂದು ಮುಖಕ್ಕೇ ಹೇಳುವ ಮೇಷ್ಟ್ರು ನಮಗೆ ಬೇಕು. ವಿಶ್ವವಿದ್ಯಾಲಯದವರು ಮುಂದಿನ ಶೈಕ್ಷಣಿಕ ವರ್ಷಕ್ಕಾದರೂ ಮನಸ್ಸು ಮಾಡಲಿ.