ಕಾಮಕಸ್ತೂರಿ ತಾಟಿಗೂ ಬರಲಿ

ಜೋಳದ ರೊಟ್ಟಿ, ಮಗ್ಗುಲಿಗೆ ಹಸಿ ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ತುದಿಗೆ ಒಂದಿಷ್ಟು ರಂಜಕ. ಶಿಗ್ಗಾವಿ, ಸವಣೂರು ಸೀಮೆಯವರಿಗೆ ಈ ತಾಟು ಹೊಸದಲ್ಲ. ಇಂಡೋನೇಷ್ಯಾದ ಪಶ್ಚಿಮ ಜಾವಾದಲ್ಲೂ ರೂಢಿ ಹೆಚ್ಚುಕಡಿಮೆ ಇದೇ. ಅನ್ನದ ಜೊತೆ ‘ಲಾಲಪ್’ ಎನ್ನುವ ಹಸಿ ಸೊಪ್ಪು, ಸೌತೆಕಾಯಿ. ನಂಚಿಕೊಳ್ಳಲು ಮೆಣಸಿನಕಾಯಿಯ ‘ಸಂಬಾಲ್’. ಆದರೆ ಅವರ ಸೊಪ್ಪಿನಲ್ಲಿ ‘ಕೆಮಾಂಗಿ’ ಇರುತ್ತದೆ, ನಿಂಬೆಹಣ್ಣಿನ ವಾಸನೆಯ ಒಂದು ಬಗೆಯ ತುಳಸಿ.

ಈ ಕೆಮಾಂಗಿ ಕಾಮಕಸ್ತೂರಿ ಮತ್ತು ನಾಯಿತುಳಸಿಗಳ ಬೆರಕೆ ತಳಿ. ಎರಡೂ ನಮ್ಮವೇ! ಒಂದು ಹಿತ್ತಲಲ್ಲಿದೆ, ಇನ್ನೊಂದು ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುತ್ತದೆ. ಕಾಮಕಸ್ತೂರಿ ದವನ, ಮರುಗದ ಜೊತೆ ಮಾಲೆ ಸೇರುತ್ತದೆ, ಬೀಜ ಶರಬತ್ತಿಗೆ ಬೀಳುತ್ತದೆ, ಕೆಮ್ಮು ಬಂದಾಗ ರಸ ಹಿಂಡುತ್ತಾರೆ. ಅಡುಗೆಮನೆಗೆ ಮಾತ್ರ ಅದನ್ನು ಯಾರೂ ಕರೆಯುವುದಿಲ್ಲ. ಕೊತ್ತಂಬರಿ, ಕರಿಬೇವು ಬಿಟ್ಟರೆ ಕಂಪಿನ ಎಲೆಯೇ ಇಲ್ಲವೆಂಬಂತೆ ಒಗ್ಗರಣೆ ನಡೆದಿದೆ.

ಎಲೆಯ ಗುಣ ತಿಳಿಯದ ನಾಡೇನೂ ಇದಲ್ಲ. ಸವಣೂರಿನ ವೀಳ್ಯದೆಲೆಗೆ ಹೆಸರು ಬಂದದ್ದೇ ಅದರ ರುಚಿಯಿಂದ. ಹಾನಗಲ್ಲಿನಿಂದ ಶಿರಸಿ ದಾಟಿ ಘಟ್ಟ ಇಳಿದರೆ ಅರಿಶಿನ ಎಲೆಯಲ್ಲಿ ಕಡುಬು ಬೇಯುತ್ತದೆ. ಸುಮಾತ್ರಾದವರು ಅದೇ ಎಲೆಯನ್ನು ‘ರೆಂಡಾಂಗ್’ ಎನ್ನುವ ಮಾಂಸದ ಅಡುಗೆಗೆ ಹಾಕುತ್ತಾರೆ.

ಯಾವ ಎಲೆ ಯಾವಾಗ ಬೀಳಬೇಕು ಎಂಬುದರಲ್ಲಿ ಇಂಡೋನೇಷ್ಯಾದವರು ಪಳಗಿದವರು. ದಪ್ಪನೆಯ ಸಲಾಂ ಎಲೆಯನ್ನು ಮೊದಲೇ ಹಾಕಿ ಕುದಿಸುತ್ತಾರೆ. ಕೆಮಾಂಗಿ ಕೊನೆಗೆ, ಒಲೆ ಆರಿಸುವ ಹೊತ್ತಿಗೆ. ಅದರ ಕಂಪೆಲ್ಲ ಬೇಗ ಆರಿಹೋಗುವ ಎಣ್ಣೆಯಲ್ಲಿದೆ, ಬಹಳ ಹೊತ್ತು ಕುದಿಸಿದರೆ ಸೊಪ್ಪಷ್ಟೇ ಉಳಿಯುತ್ತದೆ. ‘ಪೆಪೆಸ್’ ಮಾಡುವಾಗ ಮಾತ್ರ ಮಸಾಲೆ ಸವರಿದ ಮೀನಿನ ಜೊತೆಗೇ ಕೆಮಾಂಗಿಯನ್ನೂ ಇಟ್ಟು ಬಾಳೆ ಎಲೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ಬೇಯುವಾಗ ಕಂಪು ಪೊಟ್ಟಣದೊಳಗೇ ಉಳಿಯುತ್ತದೆ.

ಹಿರೇಕೆರೂರಿನ ಮನೆಯಲ್ಲಿ ಇದಕ್ಕೆ ಹೊಸ ಅಡುಗೆಯೇನೂ ಬೇಡ. ಗಿರ್ಮಿಟ್ ಮೇಲೆ ಕೊತ್ತಂಬರಿಯ ಜೊತೆ ನಾಲ್ಕು ಕಾಮಕಸ್ತೂರಿ ಎಲೆ ಹರಿದು ಹಾಕಿದರೆ ಸಾಕು. ಸೌತೆಕಾಯಿ ಪಚಡಿಗೂ ಒಪ್ಪುತ್ತದೆ. ಹೂ ತೆನೆ ಬಿಡುವ ಮುಂಚೆ ಕುಡಿ ಚಿವುಟಬೇಕು, ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಕಳೆನಾಶಕ ಹೊಡೆದ ಗೋವಿನಜೋಳದ ಬದುವಿನಿಂದ ಮಾತ್ರ ಕೀಳಬಾರದು, ಹಿತ್ತಲಿನದೇ ಆಗಬೇಕು. ತೋಟಗಾರಿಕೆ ಇಲಾಖೆ ಕೈತೋಟಕ್ಕೆ ಬೀಜ ಹಂಚುವಾಗ ಬದನೆ, ಟೊಮೆಟೊ ಜೊತೆ ಕಾಮಕಸ್ತೂರಿಯ ಒಂದು ಪೊಟ್ಟಣವನ್ನೂ ಸೇರಿಸಲಿ. ಸಂತೆಯಲ್ಲಿ ಹಕ್ಕರಕಿ ಸೂಡು ಕಟ್ಟಿ ಮಾರುವ ಹೆಣ್ಣುಮಕ್ಕಳಿಗೆ ಮಾರಲು ಇನ್ನೊಂದು ಸೊಪ್ಪು ಸಿಗುತ್ತದೆ.