ವಿದೇಶದ ಡಿಗ್ರಿ: ದುಆಕ್ಕೆ ಮುಂಚೆ ನಾಲ್ಕು ಪ್ರಶ್ನೆ

ಶಿವಾಜಿನಗರದಲ್ಲಿ ಇಶಾ ನಮಾಝ್ ಮುಗಿಸಿ ಹೊರಗೆ ಚಪ್ಪಲಿ ಹಾಕುವಾಗ ನಮ್ಮನ್ನು ತಡೆದು ನಿಲ್ಲಿಸುವ ತಂದೆಯಂದಿರು ಈಗ ಹೆಚ್ಚಾಗಿದ್ದಾರೆ. "ಉಸ್ತಾದರೇ, ಮಗ ಎಂಬಿಬಿಎಸ್‌ಗೆ ಹೊರದೇಶಕ್ಕೆ ಹೋಗ್ತಾ ಇದ್ದಾನೆ, ಒಂದು ದುಆ ಮಾಡಿ." ಯಾವ ದೇಶ ಅಂತ ಕೇಳಿದರೆ ಜಾರ್ಜಿಯಾ, ಕಿರ್ಗಿಸ್ತಾನ್, ರಷ್ಯಾ. ಯಾವ ಕಾಲೇಜು ಅಂದರೆ, "ಅದೆಲ್ಲ ಏಜೆಂಟರಿಗೆ ಗೊತ್ತು." ಹಣಕ್ಕೆ ಊರಿನ ಹತ್ತು ಸೆಂಟ್ಸ್ ಜಾಗ ಮಾರಿಯಾಗಿದೆ, ಮನೆಯವರ ಚಿನ್ನ ಅಡವು ಸೇರಿದೆ.

ನಾವು ಕೈಯೆತ್ತಿ ದುಆ ಮಾಡಿದ್ದೇವೆ, ಬೀಳ್ಕೊಡುಗೆಯ ಊಟಕ್ಕೂ ಹೋಗಿದ್ದೇವೆ. ಹಾಗೆ ಹೋದ ನಮ್ಮದೇ ಮದ್ರಸದ ಹಳೆಯ ವಿದ್ಯಾರ್ಥಿಯೊಬ್ಬ ಆರು ವರ್ಷ ಓದಿ ಡಿಗ್ರಿ ಹಿಡಿದು ಬಂದ. ಇಲ್ಲಿನ ಪರೀಕ್ಷೆಯನ್ನು ಮೂರು ಸಲ ಬರೆದರೂ ದಾಟಲಾಗಲಿಲ್ಲ. ಈಗ ಕೆ.ಆರ್.ಪುರದಲ್ಲಿ ಸಂಬಂಧಿಕರ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುತ್ತಾನೆ. ಈದ್ ದಿನ ಯಾರಾದರೂ 'ಡಾಕ್ಟರೇ' ಅಂತ ಕರೆದರೆ ತಲೆ ತಗ್ಗಿಸುತ್ತಾನೆ. ಅವನು ಹೊರಟಾಗ ನಾವು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅದು ನಮ್ಮ ತಪ್ಪು.

ಕಾನೂನು ಗುಟ್ಟಿನದ್ದೇನಲ್ಲ. ಹೊರಗೆ ವೈದ್ಯಕೀಯ ಓದಿ ಬಂದವರು ಎಫ್‌ಎಂಜಿಇ ಪರೀಕ್ಷೆ ದಾಟಬೇಕು ಎಂಬ ನಿಯಮ 2002ರಿಂದಲೂ ಇದೆ. 300 ಅಂಕಗಳಲ್ಲಿ 150 ಬೇಕು. 2023ರ ಜೂನ್ ಅವಧಿಯ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 10 ಮಂದಿ, ಮರುವರ್ಷದ ಜುಲೈಯಲ್ಲಿ ಸುಮಾರು 21 ಮಂದಿ ಮಾತ್ರ ಪಾಸಾದರು. 2021ರ ನವೆಂಬರ್‌ನಲ್ಲಿ ಬಂದ ನಿಯಮ ಇನ್ನೂ ಬಿಗಿ: ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ಕೋರ್ಸ್, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಲ್ಲಿಗೆ ಬಂದು ಮತ್ತೆ 12 ತಿಂಗಳು. ಓದಿದ ದೇಶದಲ್ಲಿ ವೈದ್ಯನಾಗಲು ಪರವಾನಗಿ ಸಿಗುವಂಥ ಡಿಗ್ರಿಯೇ ಆಗಿರಬೇಕು. ಇಷ್ಟನ್ನು ಏಜೆಂಟ್ ಹೇಳದಿದ್ದರೆ ಅವನ ಬಾಯಿಂದ ಇನ್ನೇನು ಕೇಳುವುದು?

ಹಾಗಂತ ಹೋಗಲೇಬೇಡಿ ಅನ್ನುವವರು ನಾವಲ್ಲ. ಇಲ್ಲಿ ಸರ್ಕಾರಿ ಸೀಟು ಕಡಿಮೆ, ಖಾಸಗಿ ಸೀಟಿನ ಬೆಲೆ ಕೇಳಿದರೆ ಎದೆ ನಡುಗುತ್ತದೆ. ಆ ಕಷ್ಟ ನಮಗೂ ಗೊತ್ತು. ವ್ಯಾಪಾರಕ್ಕೆ ಕಡಲು ದಾಟಿದ ಬ್ಯಾರಿಗಳು ವಿದ್ಯೆಗೆ ದಾಟಬಾರದೇ? ಡಾ. ಝಾಕಿರ್ ಹುಸೇನ್ 1926ರಲ್ಲಿ ಬರ್ಲಿನ್‌ನಿಂದ ಅರ್ಥಶಾಸ್ತ್ರದ ಡಾಕ್ಟರೇಟ್ ತಂದರು. ಬಂದವರೇ, ಹಣವಿಲ್ಲದೆ ಒದ್ದಾಡುತ್ತಿದ್ದ ಜಾಮಿಆ ಮಿಲ್ಲಿಯಾವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಅಂಥ ಡಿಗ್ರಿಗೆ ಬೆಲೆ ಕಟ್ಟಲಾಗದು. ಇಂದಿಗೂ ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಜೀವನ ಖರ್ಚಿನ ಹಣ ಮಾತ್ರ ಮೊದಲೇ ತೋರಿಸಬೇಕು. ಆ ಭಾಷೆ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ನಮ್ಮ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲೇ ಇದೆ. ಇಲ್ಲಿ ಬಿಇ, ಬಿಎಸ್ಸಿ ಚೆನ್ನಾಗಿ ಮುಗಿಸಿ ಮುಂದಿನ ಓದಿಗೆ ಹೊರಡುವ ಮಕ್ಕಳಿಗೆ ಅದು ಒಳ್ಳೆಯ ದಾರಿ.

ಹಣದ ವಿಷಯಕ್ಕೆ ಬರೋಣ. ಬ್ಯಾಂಕ್ ಸಾಲ ಬಡ್ಡಿ, ಬೇಡ ಅನ್ನುತ್ತೇವೆ. ಚಿನ್ನ ಅಡವಿಟ್ಟರೆ ಕಟ್ಟುವುದು ಬಡ್ಡಿಯಲ್ಲವೇ? ಕೇಂದ್ರದ 'ಪಢೋ ಪರದೇಸ್' ಬಡ್ಡಿ ಸಹಾಯಧನ 2022-23ರಿಂದ ನಿಂತಿದೆ. ಆದರೆ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಬಡ್ಡಿರಹಿತ ಸಾಲದ ಯೋಜನೆಯಿದೆ. ಆದಾಯ ಮಿತಿ, ಅಡಮಾನದ ಷರತ್ತುಗಳಿವೆ. ಏಜೆಂಟರ ಆಫೀಸಿಗೆ ಹತ್ತು ಸಲ ಅಲೆಯುವವರು ಅಲ್ಲಿಗೊಮ್ಮೆ ಹೋಗಿ ವಿಚಾರಿಸಬಾರದೇ?

ಇನ್ನೊಂದು ಮಾತು ಹೇಳಲೇಬೇಕು. ಮಹರ್‌ನ ಚಿನ್ನ ಹೆಂಡತಿಯ ಹಕ್ಕು. ಆಕೆಯ ಮನಸ್ಸೊಪ್ಪಿಗೆ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಅದೇ ಮನೆಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತೆಗೆದ ತಂಗಿಯಿದ್ದರೆ ಅವಳಿಗೆ, "ಪಿಯುಸಿ ಸಾಕು" ಅನ್ನುತ್ತೇವೆ. ಓದಿನ ಆಸೆಯಿಲ್ಲದ ಮಗನನ್ನು ಮರ್ಯಾದೆಗಾಗಿ ವಿಮಾನ ಹತ್ತಿಸಿ, ಓದುವ ಮಗಳನ್ನು ಮನೆಯಲ್ಲಿ ಕೂರಿಸುವುದು ಯಾವ ನ್ಯಾಯ? ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಸೇರಿದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಆ ಮಗಳಿಗೆ ಒಂದು ವರ್ಷ ನೀಟ್ ಕೋಚಿಂಗ್ ಕೊಡಿಸಿ ನೋಡಿ.

ಇಸ್ತಿಖಾರ ಮಾಡಿ, ಖಂಡಿತ ಮಾಡಿ. ಆದರೆ ತಿಳಿದವರ ಜೊತೆ ಮಶ್ವರವನ್ನೂ ಮಾಡಿ. ಇನ್ನು ಮುಂದೆ ದುಆ ಕೇಳಿದವರಿಗೆ ನಾವು ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇವೆ: ಕಾಲೇಜಿನ ಹೆಸರೇನು? ಆ ಡಿಗ್ರಿಗೆ ಅಲ್ಲಿ ಮತ್ತು ಇಲ್ಲಿ ಮಾನ್ಯತೆ ಇದೆಯೇ? ಕೊನೆಯ ವರ್ಷದವರೆಗೆ ಒಟ್ಟು ಖರ್ಚೆಷ್ಟು? ಪರೀಕ್ಷೆ ದಾಟದಿದ್ದರೆ ಮುಂದೇನು? ಬೇಸರ ಮಾಡಿಕೊಳ್ಳಬೇಡಿ. ಉತ್ತರ ಸಿಕ್ಕಿದ ಮೇಲೆ ಮಾಡುವ ದುಆಕ್ಕೆ ನಾವು ಇನ್ನೂ ಸ್ವಲ್ಪ ಹೊತ್ತು ಕೈಯೆತ್ತಿ ನಿಲ್ಲುತ್ತೇವೆ.