ಗ್ಲಾಸ್ ಕ್ಲೀನ್ ಮಾಡಿಸಿದ್ರೆ ಎಂಟು ಸಾವಿರ ಹೆಚ್ಚಂತೆ



ನಮ್ಮ ಓಮ್ನಿ ಮಾರಾಟಕ್ಕಿದೆ. ಬರೀ ಅಷ್ಟೇ ಆಗಿದ್ರೆ ನಾಲ್ಕು ಸಾಲು ಬರೆದು, ಎರಡು ಫೋಟೋ ಹಾಕಿ ಮುಗಿಸ್ತಿದ್ದೆ. ಆದ್ರೆ ಈ ಮೂರು ವಾರದಾಗ ಗಾಡಿ ತೋರಿಸ್ಕೊಂತ ತಿರುಗಾಡಿ ಕೇಳಿದ ಮಾತುಗಳನ್ನ ನಿಮ್ಮ ಮುಂದೆ ಇಡಲೇಬೇಕು. ಗಾಡಿ ಹಳೇದಾದಂಗ ರೇಟ್ ಇಳೀತದ, ಅದು ನ್ಯಾಯ. ಗಾಡಿ ಯಾರದು ಅಂತ ಗೊತ್ತಾದ ಮ್ಯಾಲೆ ರೇಟ್ ಇಳಿದ್ರೆ ಅದಕ್ಕ ಏನನ್ನಬೇಕು?

ಮೊದಲು ಗಾಡಿ ಹೆಂಗೈತೋ ಹಂಗ ಹೇಳ್ತೀನಿ. 2010ರ ಮಾಡೆಲ್, ಕೆಎ-37 ನಂಬರ್, ಪೆಟ್ರೋಲ್, 796 ಸಿಸಿ ಇಂಜಿನ್. ಸರಿಸೋ ಬಾಗಿಲಿನ ಕೆಳಗೆ ತುಕ್ಕು ಹಿಡಿದೈತಿ. ಡ್ರೈವರ್ ಸೀಟಿನ ರೆಕ್ಸಿನ್ ಹರಿದೈತಿ. ಓಮ್ನಿ ಓಡಿಸಿದವರಿಗೆ ಗೊತ್ತಿರ್ತದ, ಇಂಜಿನ್ ಸೀಟಿನ ಕೆಳಗೇ ಇರೋದ್ರಿಂದ ಬ್ಯಾಸಿಗ್ಯಾಗ ಕುಂಡಿ ಸುಡ್ತದ. ಕ್ಲಚ್ ಪ್ಲೇಟ್ ಹೋದ ವರ್ಷ ಹೊಸದು ಹಾಕಿಸೀವಿ. ಸೆಲ್ಫ್ ಒಂದೇ ಸಲಕ್ಕ ಹೊಡೀತದ. ಇಂಜಿನ್ ಒಮ್ಮೆನೂ ಬಿಚ್ಚಿಲ್ಲ. ಹೋದ ತಿಂಗಳು ಎಂಟು ಜನಾನ ಹೊತ್ತು ಯಲಬುರ್ಗಾಕ್ಕ ಹೋಗಿ ಬಂದೈತಿ.

ಕಾಗದದ ವಿಷಯ. 15 ವರ್ಷ ಮುಗಿದಾಗ 2025ರಲ್ಲಿ ಆರ್‌ಟಿಒ ಆಫೀಸಿಗೆ ಗಾಡಿ ಒಯ್ದು, ತಪಾಸಣೆ ಮಾಡಿಸಿ, ಫೀ ಕಟ್ಟಿ ಆರ್‌ಸಿ ನವೀಕರಣ ಮಾಡಿಸಿದ್ದೀವಿ. 2030ರವರೆಗೆ ಜೀವ ಐತಿ. ಇನ್ಶೂರೆನ್ಸ್ ಐತಿ, ಹೊಗೆ ತಪಾಸಣೆ ಪತ್ರ ಐತಿ, ಸಾಲ ಇಲ್ಲ.

ಹಿಂದಿನ ಗ್ಲಾಸಿನ ಮ್ಯಾಲೆ ಬಾಬಾಸಾಹೇಬರ ಫೋಟೋ ಐತಿ. ಕೆಳಗ ನೀಲಿ ಅಕ್ಷರದಾಗ 'ಜೈಭೀಮ್'.

ಗಾಡಿ ನೋಡಿದ ದಲ್ಲಾಳಿಗಳು ರೇಟ್ ಇಳಿಸೋಕೆ ಮೂರು ಕಾರಣ ಕೊಟ್ರು. ಮೂರನ್ನೂ ಬೇರೆ ಬೇರೆ ನೋಡೋಣ.

ಒಂದನೇದು, ತುಕ್ಕು. ಖರೇ ಐತಿ. ಟಿಂಕರಿಂಗ್‌ಗೆ ಎಷ್ಟು ಖರ್ಚಾಗ್ತದೋ ಅಷ್ಟು ಕಡಿಮೆ ಕೇಳ್ಲಿ, ಒಪ್ಪತೀನಿ.

ಎರಡನೇದು, "15 ವರ್ಷ ಆಗೇತಿ ಸರ್, ಇದು ಗುಜರಿ ರೇಟಿಗೆ ಹೋಗೋ ಮಾಲು." ಇದು ಸುಳ್ಳು. ದೆಹಲಿ ಸುತ್ತಮುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಬಗ್ಗೆ ಇರೋ ಆದೇಶ ಬೇರೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದು ಮಾಡಿದ್ದು ಬೇರೆ. ಕರ್ನಾಟಕದಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದ್ರೆ ಐದೈದು ವರ್ಷಕ್ಕೆ ನವೀಕರಣ ಆಗ್ತದ. 2022ರ ಏಪ್ರಿಲ್‌ನಿಂದ ಅದರ ಫೀ 600ರಿಂದ 5,000 ರೂಪಾಯಿಗೆ ಏರಿಸಿದಾರೆ. ಹಸಿರು ತೆರಿಗೆ ಬೇರೆ ಕಟ್ಟಬೇಕು. ಅಷ್ಟು ಕಟ್ಟಿದ ಗಾಡಿ ಗುಜರಿ ಹೆಂಗಾಗ್ತದ? ನಮ್ಮ ಹುಡುಗರಿಗೆ ಕಾನೂನು ಗೊತ್ತಿಲ್ಲ ಅನ್ನೋ ಧೈರ್ಯದ ಮ್ಯಾಲೆ ನಡೆಯೋ ವ್ಯಾಪಾರ ಇದು. ಅದೇ ದಲ್ಲಾಳಿ ನಾಳೆ ಗಿರಾಕಿ ಮುಂದೆ "2030ರ ತನಕ ಆರ್‌ಸಿ ಐತ್ರಿ, ಓಮ್ನಿ 2019ಕ್ಕೇ ಬಂದ್ ಆಗೇತಿ, ಇನ್ನ ಹೊಸಾದು ಸಿಗಂಗಿಲ್ಲ" ಅಂತ ಹೇಳ್ತಾನ. ಕೊಳ್ಳುವಾಗ ಗುಜರಿ, ಮಾರುವಾಗ ಬಂಗಾರ.

ಮೂರನೇದು ಹಿಂದಿನ ಗ್ಲಾಸು. ಒಬ್ಬ ದಲ್ಲಾಳಿ ಗಾಡಿ ಸುತ್ತ ಒಂದು ಸುತ್ತು ಹಾಕಿ ಬಂದು, ಬಹಳ ಮರ್ಯಾದೆಯಿಂದಲೇ ಹೇಳಿದ: "ಸರ್, ಗ್ಲಾಸ್ ಕ್ಲೀನ್ ಮಾಡಿಸಿ ತಗೊಂಡ್ ಬರ್ರಿ. ಒಂದು ಎಂಟು ಸಾವಿರ ಜಾಸ್ತಿ ಮಾಡ್ಕೊಡ್ತೀನಿ."

"ಗ್ಲಾಸ್ ಕ್ಲೀನೇ ಐತಲ್ಲ?"

"ಹಂಗಲ್ರೀ ಸರ್. ನಾನೇನ್ ಅಂಥಾವಲ್ಲ. ಗಿರಾಕಿ ಕೇಳ್ತಾರ, ಯಾರ ಗಾಡಿ ಅಂತ. ಕೆಲವರು ಒಳಗ ಕುಂದ್ರಾಕ ಹಿಂದ ಮುಂದ ನೋಡ್ತಾರ."

ಬಂಧುಗಳೇ, ಆ 'ಕ್ಲೀನ್' ಅನ್ನೋ ಪದ ಇದೆಯಲ್ಲ, ಅದು ನಮ್ಮ ಜಿಲ್ಲೆಗೆ ಹೊಸದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ನಮ್ಮ ಕೂಸು ಹುಟ್ಟಿದಹಬ್ಬದ ದಿನ ಗುಡಿಯೊಳಗೆ ಓಡಿ ಹೋಯ್ತು. ಗುಡಿ ಶುದ್ಧಿ ಮಾಡಬೇಕು, 25,000 ಕಟ್ರಿ ಅಂದ್ರು. ಸುದ್ದಿ ಹೊರಗೆ ಬಂದ ಮ್ಯಾಲೆ ಬಂಧನವೂ ಆಯ್ತು. ಅಲ್ಲಿ ಕೂಸಿನ ಪಾದಕ್ಕೆ 25,000 ಶುದ್ಧಿ ಖರ್ಚು ಹೇಳಿದ್ರು. ಇಲ್ಲಿ ಫೋಟೋಕ್ಕೆ ಎಂಟು ಸಾವಿರ. ಅಲ್ಲಿ ಬೆದರಿಸಿ ಕೇಳಿದ್ರು, ಇಲ್ಲಿ ಚಾ ಕುಡಿಸಿ ಕೇಳ್ತಾರ.

ಗಾಡಿಗೂ ಜಾತಿಗೂ ಏನು ಸಂಬಂಧ ಅನ್ನೋರು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಬೇಕು. ಅದರಲ್ಲಿ ಎರಡು ಗಾಡಿ ಬರ್ತಾವ. 1901ರಲ್ಲಿ ಅವರು ಇನ್ನೂ ಬಾಲಕ. ಅಪ್ಪನ್ನ ನೋಡೋಕೆ ಹೊರಟು ಮಸೂರ್ ಸ್ಟೇಷನ್‌ನಲ್ಲಿ ಇಳಿದಾಗ ಇವರು ಮಹಾರರು ಅಂತ ತಿಳಿದು ಬಂಡಿಯವರು ಯಾರೂ ಬರಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ, ಮ್ಯಾಲೆ ಬಂಡಿ ಹೊಡೆಯೋದೂ ಹುಡುಗರೇ. 1929ರಲ್ಲಿ ಬ್ಯಾರಿಸ್ಟರ್ ಆಗಿ ಚಾಳೀಸ್‌ಗಾಂವ್‌ಗೆ ಬಂದಾಗಲೂ ಅದೇ. ಟಾಂಗಾದವ ಹೊಡೆಯಲ್ಲ ಅಂದ. ಟಾಂಗಾ ಹೊಡೆದು ಗೊತ್ತಿಲ್ಲದ ಕೇರಿಯವನೊಬ್ಬ ಹೊಡೆದ, ಗಾಡಿ ಅಪಘಾತಕ್ಕೀಡಾಗಿ ಬಾಬಾಸಾಹೇಬರ ಕಾಲು ಮುರೀತು. ಅದಕ್ಕೇ ಕೇರಿಯಾಗ ಒಂದು ಸ್ವಂತ ಗಾಡಿ ನಿಂತಿದೆ ಅಂದ್ರೆ ಅದು ಶೋಕಿ ಅಲ್ಲ. ರಾತ್ರಿ ಹೆರಿಗೆ ನೋವು ಬಂದ್ರೆ ಯಾರ ಮನಿ ಬಾಗಿಲಿಗೂ ಹೋಗಿ "ಗೌಡ್ರೇ, ಗಾಡಿ ಕೊಡ್ರಿ" ಅಂತ ನಿಲ್ಲಬೇಕಾಗಿಲ್ಲ ಅಂತ ಅರ್ಥ.

ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ನಮ್ಮವರ ಗುಡಿಸಲು ಸುಟ್ರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಅದು ಹೈಕೋರ್ಟಿಗೆ ಹೋಗಿದ್ದು ಬೇರೆ ಮಾತು. ನಡುವೆ ಇರೋದು ಹತ್ತು ವರ್ಷ. ಇಂಥ ಕೇಸಿನಲ್ಲಿ ಹತ್ತು ವರ್ಷ ಸಾಕ್ಷಿ ಉಳೀಬೇಕು ಅಂದ್ರೆ ಅವರನ್ನ ಊರಿಂದ ಕೋರ್ಟಿಗೆ, ಕೋರ್ಟಿಂದ ಊರಿಗೆ ಮುಟ್ಟಿಸೋ ಗಾಡಿಗಳು ಬೇಕು. ಹೋರಾಟದ ಲೆಕ್ಕದಾಗ ಪೆಟ್ರೋಲು, ಪಂಚರು, ಸ್ಟೆಪ್ನಿ ಯಾರೂ ಬರೆಯಲ್ಲ.

ಈಗ ನಮ್ಮೊಳಗಿನ ಚರ್ಚೆಗೆ ಬರ್ತೀನಿ. ಈ ವಿಷಯ ಹೇಳಿದಾಗ ಹಿರಿಯ ಸಂಗಾತಿಯೊಬ್ಬರು, "ತಮ್ಮಾ, ಬಾಬಾಸಾಹೇಬರು ಸ್ಟಿಕರ್‌ನ್ಯಾಗ ಇಲ್ಲ. ತೆಗೆದು ಮಾರು, ಎಂಟು ಸಾವಿರ ಸಂಘಟನೆಗೆ ಬರ್ತದ" ಅಂದ್ರು. ಈ ಮಾತನ್ನ ನಾನು ತಳ್ಳಿ ಹಾಕಲ್ಲ. ಮಗಳ ಫೀಜಿಗೋ ಆಸ್ಪತ್ರೆಗೋ ಗಾಡಿ ಮಾರೋ ಮನುಷ್ಯನಿಗೆ ಎಂಟು ಸಾವಿರ ಅಂದ್ರೆ ಇಪ್ಪತ್ತು ದಿನದ ಕೂಲಿ. ಅವನು ಸ್ಟಿಕರ್ ತೆಗೆದು ಮಾರಿದ್ರೆ ಅವನ ಸ್ವಾಭಿಮಾನ ಅಳೆಯೋ ಹಕ್ಕು ತಿಂಗಳ ಸಂಬಳ ಬರೋ ನನ್ನಂಥವನಿಗಿಲ್ಲ.

ಆದ್ರೆ ಸಂಬಳ ಬರೋ ನಾವೂ ತೆಗೆದ್ರೆ? ಆಗ ಆ ಎಂಟು ಸಾವಿರ ಮಾರುಕಟ್ಟೆಯ ನಿಯಮ ಆಗಿಬಿಡ್ತದ. ಕೇರಿಯ ಮನೆಗೆ ಊರೊಳಗಿನ ಮನೆಯ ರೇಟ್ ಬರಲ್ಲ, ಅದನ್ನ ನಾವು "ಹಂಗೇ ಅದು" ಅಂತ ಒಪ್ಪಿಕೊಂಡೀವಿ. ಅಂಗಡಿ ಹಾಕಿದ್ರೆ ಹೆಸರು ಬದಲಿಸಿ ಬೋರ್ಡ್ ಹಾಕ್ತೀವಿ. ದುಡಿದು ಕೊಂಡ ಪ್ರತಿಯೊಂದು ವಸ್ತುವೂ ಮಾರೋ ದಿನ ನಮ್ಮ ಗುರುತು ತೊಳಕೊಂಡು ಬರಬೇಕು ಅಂದ್ರೆ, ಬಡತನ ತಲೆಮಾರಿನಿಂದ ತಲೆಮಾರಿಗೆ ಯಾಕೆ ಉಳೀತದ ಅಂತ ಬೇರೆ ಕಡೆ ಹುಡುಕಬೇಕಾಗಿಲ್ಲ. ಗಾಡಿ ಕೊಂಡವನು ಮರುದಿನ ಫೋಟೋ ತೆಗೆದು ತನ್ನ ದೇವರ ಹೆಸರು ಬರೆಸಲಿ, ಗ್ಲಾಸು ಅವನದು. ಆದ್ರೆ ನನ್ನ ಕೈಯಾಗ ಇರೋ ತನಕ, ರೇಟಿಗೋಸ್ಕರ ನಾನು ಕೆರೆಯಲ್ಲ.

ಕೇಸ್ ಹಾಕ್ರಿ ಅಂದವರೂ ಇದಾರೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ಆರ್ಥಿಕ ಬಹಿಷ್ಕಾರದ ವ್ಯಾಖ್ಯಾನ ಸೇರಿದೆ. ವ್ಯವಹಾರ ಮಾಡೋಕೆ ನಿರಾಕರಿಸೋದೂ ಅದರೊಳಗೆ ಬರ್ತದ. ಆದ್ರೆ ದಲ್ಲಾಳಿ ನಿರಾಕರಿಸಿಲ್ಲ, ರೇಟ್ ಇಳಿಸಿದಾನ ಅಷ್ಟೇ, ಅದೂ ಗಿರಾಕಿ ಹೆಸರಲ್ಲಿ. ಇದಕ್ಕೆ ಸ್ಟೇಷನ್‌ಗಿಂತ ನಾವೇ ನಾಲ್ಕು ಜನ ಸೇರಿ ಮಾಡೋ ದಾರಿ ಒಳ್ಳೇದು. ನಮ್ಮ ಗಾಡಿ ನಮ್ಮವರಿಗೆ ಮಾರೋದು. ಧರ್ಮಕ್ಕಲ್ಲ, ಸರಿಯಾದ ರೇಟಿಗೆ. ಅಂಬೇಡ್ಕರ್ ಅಭಿವೃದ್ಧಿ ನಿಗಮದ 'ಸ್ವಾವಲಂಬಿ ಸಾರಥಿ'ಯಲ್ಲಿ ಶೇ. 75, ಗರಿಷ್ಠ 4 ಲಕ್ಷ ಸಹಾಯಧನ ಐತಿ, ಅರ್ಹರು ಅರ್ಜಿ ಹಾಕ್ರಿ. ಆದ್ರೆ ಅದು ಎಲ್ಲರ ಪಾಲಿಗೆ ಬರಲ್ಲ. ಸಂತೆಗೆ ಕಾಯಿಪಲ್ಯ ಒಯ್ಯೋ ಅಕ್ಕನಿಗೆ, ಗುಳೆ ಬಿಟ್ಟು ಊರಲ್ಲೇ ಏನಾದ್ರೂ ಮಾಡಬೇಕು ಅನ್ನೋ ಹುಡುಗನಿಗೆ ಓಡೋ ಹಳೇ ಗಾಡಿಯೇ ಗತಿ.

ನಮ್ಮವರಿಗೆ ಮಾರುವಾಗಲೂ ಒಂದು ಮಾತು. "ನಮ್ಮ ಹುಡುಗನೇ, ಆಮ್ಯಾಲೆ ಹೆಸರು ಮಾಡಿಸ್ಕೊಂತಾನ" ಅಂತ ಬರೀ ಸಹಿ ಹಾಕಿ ಕೀಲಿ ಕೊಡಬ್ಯಾಡ್ರಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟೇ ಕೈ ಬದಲಾಗಿರಲಿ, ಆರ್‌ಸಿಯಲ್ಲಿ ಯಾರ ಹೆಸರು ಐತೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ. ಮಾರಿ ಎರಡು ವರ್ಷ ಆದ ಮ್ಯಾಲೆ ಲಕ್ಷಗಟ್ಟಲೆ ಪರಿಹಾರದ ನೋಟಿಸ್ ಬಂದ್ರೆ ಇದ್ದ ಒಂದೆಕರೆಯೂ ಹೋಗ್ತದ. ಹಂಗಾಗಿ:

1. ಫಾರಂ 29 ಮತ್ತು 30 ಪೂರ್ತಿ ತುಂಬಿಯೇ ಸಹಿ ಹಾಕ್ರಿ. ಖಾಲಿ ಫಾರಂಗೆ ಸಹಿ ಬ್ಯಾಡ.

2. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯದವರಿಗೆ ಮಾರಿದ್ರೆ ಫಾರಂ 28ರ ಎನ್‌ಒಸಿ ಬೇಕು.

3. ಗಾಡಿ ಮ್ಯಾಲೆ ಸಾಲ ಇದ್ರೆ ತೀರಿಸಿ, ಫಾರಂ 35 ಕೊಟ್ಟು ಆರ್‌ಸಿಯಿಂದ ಸಾಲದ ನಮೂದು ತೆಗೆಸ್ರಿ. ನಿಗಮದ ಸಹಾಯಧನದ ಗಾಡಿ ಆಗಿದ್ರೆ ಮೊದಲು ನಿಗಮದ ಷರತ್ತು ಓದ್ರಿ.

4. ಗಾಡಿ ಕೊಟ್ಟ ದಿನಾಂಕ, ಟೈಮು ಬರೆದು ಇಬ್ಬರೂ ಸಹಿ ಮಾಡ್ರಿ. ಕಂತಿನ ಮ್ಯಾಲೆ ಕೊಟ್ರೆ ಬಾಕಿ ಹಣಕ್ಕೆ ಬೇರೆ ಕರಾರು ಪತ್ರ ಮಾಡ್ಕೊಳ್ರಿ, ಹೆಸರು ಬದಲಾವಣೆ ಮಾತ್ರ ತಡ ಮಾಡಬ್ಯಾಡ್ರಿ.

5. ಡೀಲರ್‌ಗೆ ಕೊಟ್ರೆ, 2023ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ ಅವನಿಗೆ ಆರ್‌ಟಿಒದ ಅಧಿಕಾರ ಪತ್ರ ಇರಬೇಕು. ಕೇಳ್ರಿ.

6. ಕೊನೆಗೆ ಎಂಪರಿವಾಹನ್ ಆ್ಯಪ್‌ನಲ್ಲಿ ಹೆಸರು ಬದಲಾಗಿದೆಯಾ ಅಂತ ಕಣ್ಣಾರೆ ನೋಡ್ರಿ.

ನಮ್ಮ ಓಮ್ನಿ ರೇಟ್ 85,000. ತುಕ್ಕಿನ ಖರ್ಚು ಕಳೆದೇ ಹೇಳಿದ್ದು. ಬಿಳಿ ಬೋರ್ಡ್ ಗಾಡಿ, ಬಾಡಿಗೆ ಓಡಿಸೋ ಹಂಗಿಲ್ಲ, ಸ್ವಂತ ಕೆಲಸಕ್ಕೆ ಒಳ್ಳೇದು. ನಿಮ್ಮ ಮೆಕ್ಯಾನಿಕ್ ಕರ್ಕೊಂಡು ಬರ್ರಿ, ಕೆಳಗ ಮಲಗಿ ನೋಡ್ಲಿ, ಓಡಿಸಿ ನೋಡ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ತಾಲೂಕಿನವರಾದ್ರೂ ಸರಿ, ಯಾವ ಜಾತಿಯವರಾದ್ರೂ ಸರಿ. ಬೇಕಾದವರು ಇನ್‌ಬಾಕ್ಸ್‌ಗೆ ಬರ್ರಿ. ಹಿಂದಿನ ಗ್ಲಾಸ್ ನೋಡಿ ರೇಟ್ ಮಾತಾಡೋರು ಬರಬ್ಯಾಡ್ರಿ.

ನಿಮ್ಮ ಊರಲ್ಲೂ ಗಾಡಿ, ಎಮ್ಮೆ, ಮನೆ, ಜಾಗ ಮಾರುವಾಗ ಇಂಥ ಮಾತು ಕೇಳಿದ್ರೆ ಕಾಮೆಂಟ್‌ನಲ್ಲಿ ಬರೀರಿ. ಎಷ್ಟು ಕಡಿಮೆ ಕೇಳಿದ್ರು ಅಂತ ರೂಪಾಯಿ ಲೆಕ್ಕದಲ್ಲೇ ಬರೀರಿ. ಒಂದು ಕಡೆ ಕೂಡಿಸಿ ನೋಡೋಣ, ಒಟ್ಟು ಎಷ್ಟಾಗ್ತದ ಅಂತ.

ಜೈಭೀಮ್.